ಸಾಕ್ಷಿಯ ಬೆಳಕು: ಶ್ರೀ ನರಹರಿತೀರ್ಥರು

ಮಂಗಳಗಿರಿಯ ಬೆಟ್ಟವೇರಿ ನರಸಿಂಹನಿಗೆ ಬೆಲ್ಲದ ಪಾನಕವನ್ನೊಪ್ಪಿಸಿ ಇಳಿಯುವ ನಾವು ಕನ್ನಡಿಗರು, ಇದೇ ಕರಾವಳಿಯ ಉತ್ತರಕ್ಕೆ, ವಿಶಾಖಪಟ್ಟಣದಾಚೆಯ ಶ್ರೀಕೂರ್ಮದಲ್ಲಿ ಇನ್ನೊಬ್ಬ ನರಸಿಂಹನನ್ನು ಪ್ರತಿಷ್ಠಿಸಿದ ಯತಿಯೊಬ್ಬರನ್ನು ನೆನೆಯುವುದು ಉಚಿತ.

ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ನರಹರಿತೀರ್ಥರು ಕಳಿಂಗದ ಗಂಗ ಅರಸರ ರಾಜ್ಯದಲ್ಲಿ ಅಧಿಕಾರದ ಹೊಣೆ ಹೊತ್ತವರು. ಶ್ರೀಕೂರ್ಮದ 1281ರ ಶಾಸನವು ಅವರ ಗುರುಗಳನ್ನು ಕೊಂಡಾಡಿ, ಯೋಗಾನಂದ ನರಸಿಂಹನ ಪ್ರತಿಷ್ಠೆಯನ್ನು ಹೇಳುತ್ತದೆ. ಸಿಂಹಾಚಲದ ಶಾಸನಗಳಲ್ಲಿಯೂ ಇವರ ಹೆಸರುಂಟು. ಸಂನ್ಯಾಸಿಗೆ ರಾಜ್ಯಭಾರವೇಕೆಂದರೆ, ಗುರುವಿನ ಅಪ್ಪಣೆಯೆಂದು ಸಂಪ್ರದಾಯದ ಉತ್ತರ.

ನಮಗೆ ಬೆರಗು ತರುವುದು ಬೇರೊಂದು. ಮಧ್ವಮತದಲ್ಲಿ ಸಾಕ್ಷಿಯೆಂಬ ತತ್ತ್ವವಿದೆ. ಕಣ್ಣು ಚಿಪ್ಪನ್ನು ಬೆಳ್ಳಿಯೆಂದೀತು, ಮನಸ್ಸೂ ತಪ್ಪೀತು. ಆದರೆ ನಾನು, ನನ್ನ ಸುಖ, ನನ್ನ ದುಃಖ ಎಂಬುದನ್ನು ಆತ್ಮವು ತಾನೇ ನೇರವಾಗಿ ಅರಿಯುತ್ತದೆ. ಅದಕ್ಕೆ ಬೇರೆ ದೀಪ ಬೇಡ. ಗಾಢನಿದ್ರೆಯಲ್ಲಿ ಇಂದ್ರಿಯಗಳೂ ಮನಸ್ಸೂ ಅಡಗಿದಾಗಲೂ ಅದು ಎಚ್ಚತ್ತಿರುತ್ತದೆ. ಇಲ್ಲವಾದರೆ ಬೆಳಗ್ಗೆದ್ದು ಸುಖವಾಗಿ ಮಲಗಿದ್ದೆನೆಂದು ಹೇಳುವವರಾರು?

ಗುರುಗಳ ಗೀತಾಭಾಷ್ಯಕ್ಕೆ ಸಂಸ್ಕೃತದಲ್ಲಿ ಟೀಕೆ ಬರೆದ ಇವರು ಕನ್ನಡದಲ್ಲಿಯೂ ಹಾಡಿದರು. ರಘುಕುಲತಿಲಕ ಎಂಬ ಅಂಕಿತದ ಕೆಲವೇ ಕೀರ್ತನೆಗಳು ಉಳಿದಿವೆ. ಅವುಗಳಲ್ಲೊಂದರಲ್ಲಿ, ತಾವು ಮರುಳಾದ ಬಗೆ ಹೇಗೆಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ಮರುಳಾದವನು ಯಾರು? ಮರುಳಾದೆನೆಂದು ಕಂಡುಕೊಂಡವನು ಯಾರು? ಇಬ್ಬರೂ ಒಬ್ಬನೇ ಎಂಬಲ್ಲಿಯೇ ಸೋಜಿಗವಿದೆ. ಮಠದ ಮೂಲೆಯಲ್ಲಿ ಕುಳಿತವರಲ್ಲ, ಆಸ್ಥಾನದ ಗದ್ದಲವನ್ನು ಕಂಡುಂಡವರು ಕೇಳಿದ ಪ್ರಶ್ನೆಯಿದು. ಹೊಟ್ಟೆಪಾಡಿಗಾಗಿ ಪರನಾಡು ಸೇರಿದ ನಮಗೆ ತುಸು ಹೆಚ್ಚೇ ನಾಟುತ್ತದೆ.

ಮುಂದೆ ಪೀಠವನ್ನೂ ನಡೆಸಿ, 1333ರಲ್ಲಿ ಅವರು ದೇಹ ಬಿಟ್ಟರು. ವೃಂದಾವನವಿರುವುದು ಹಂಪೆಯಲ್ಲಿ, ತುಂಗಭದ್ರೆಯ ತಡಿಯಲ್ಲಿ.