ಟಿಪ್ಪು ಹಾರಿಸಿದ್ದು ಕ್ಷಿಪಣಿಯೋ, ರಾಕೆಟ್ಟೋ?

ನವೆಂಬರ್ ಬಂದರೆ ಸಾಕು, ಟಿಪ್ಪು ಸುಲ್ತಾನನ ಫಾರ್ವರ್ಡ್‌ಗಳು ಶುರುವಾಗುತ್ತವೆ. ಜಗತ್ತಿನ ಮೊದಲ ಕ್ಷಿಪಣಿ ತಯಾರಿಸಿದ್ದು ಅವನೇ ಎಂದು ಒಂದು ಹೇಳಿದರೆ, ರಾಕೆಟ್ ಕಥೆಯೇ ಕಟ್ಟುಕಥೆ ಎಂದು ಇನ್ನೊಂದು ಹೇಳುತ್ತದೆ. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಅವನ ಬದುಕನ್ನು ಸ್ವಲ್ಪ ನೋಡಬೇಕು. ಆ ಬದುಕಿನಲ್ಲಿ ನಮ್ಮ ಕೊಪ್ಪಳದ ಕೋಟೆಗೂ ಒಂದು ಜಾಗ ಇದೆ.

ಮೊದಲಿಗೇ ಒಂದು ಮಾತು. ಕೊಡಗು, ಮಲಬಾರ್ ಮತ್ತು ಕರಾವಳಿಯ ಕ್ರೈಸ್ತರ ಮೇಲೆ ಅವನು ನಡೆಸಿದ ಕ್ರೌರ್ಯವೂ ಇತಿಹಾಸದಲ್ಲಿದೆ, ಶೃಂಗೇರಿ ಮಠಕ್ಕೆ ಅವನು ಬರೆದ ಪತ್ರಗಳೂ ಇವೆ. ಆ ಜಗಳ ಇಲ್ಲಿ ತೀರುವುದಿಲ್ಲ. ಟಿಪ್ಪು ಒಳ್ಳೆಯವನಾಗಿದ್ದರೂ ಕೆಟ್ಟವನಾಗಿದ್ದರೂ ಅವನ ರಾಕೆಟ್ ಹಾರುತ್ತಿದ್ದ ರೀತಿ ಬದಲಾಗುವುದಿಲ್ಲ.

ಅವನು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ಸುಮಾರಿಗೆ. ತಂದೆ ಹೈದರ್ ಅಲಿ ಮೈಸೂರು ಸೈನ್ಯದಲ್ಲಿ ಮೇಲೇರಿ, ಕೊನೆಗೆ ರಾಜ್ಯವನ್ನೇ ಕೈಗೆ ತೆಗೆದುಕೊಂಡವನು. ಹೈದರನ ತಂದೆ ಫತ್ ಮಹಮ್ಮದ್ ಆರ್ಕಾಟಿನ ನವಾಬರ ಬಳಿ ಬಾಣದವರ ಒಂದು ಸಣ್ಣ ಪಡೆಗೆ ನಾಯಕನಾಗಿದ್ದ ಎನ್ನುತ್ತಾರೆ. ಬಾಣದವರು ಎಂದರೆ ಬಿಲ್ಲುಗಾರರಲ್ಲ, ಮದ್ದು ತುಂಬಿದ ರಾಕೆಟ್ ಹಾರಿಸುವವರು. ನಾವು ಇಂದಿಗೂ ಬಾಣ-ಬಿರುಸು ಎನ್ನುತ್ತೇವಲ್ಲ, ಆ ಬಾಣ. ಅಂದರೆ ರಾಕೆಟ್ ಈ ಮನೆಗೆ ಬಂದಾಗ ಟಿಪ್ಪು ಇನ್ನೂ ಹುಟ್ಟಿಯೇ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಮದ್ದಿನ ರಾಕೆಟ್‌ಗಳನ್ನು ಚೀನಾದವರು 13ನೇ ಶತಮಾನದಲ್ಲೇ ಯುದ್ಧಕ್ಕೆ ಬಳಸಿದ್ದರು. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಮಹಾನವಮಿ ಹಬ್ಬದ ಮದ್ದು-ಬಿರುಸುಗಳನ್ನು ಕಂಡು ಬರೆದಿಟ್ಟಿದ್ದಾನೆ. ಹಾಗಾಗಿ ಟಿಪ್ಪು ರಾಕೆಟ್ ಕಂಡುಹಿಡಿದ ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಮೈಸೂರಿನಲ್ಲಿ ಹೊಸದಾಗಿ ಆದದ್ದೇನು? ಕೊಳವೆ. ಅಲ್ಲಿಯವರೆಗೆ ಹೆಚ್ಚಿನ ಕಡೆ ಮದ್ದನ್ನು ಬಿದಿರಿನಲ್ಲೋ ದಪ್ಪ ಕಾಗದದಲ್ಲೋ ತುಂಬುತ್ತಿದ್ದರು. ಒಳಗಿನ ಒತ್ತಡ ಹೆಚ್ಚಾದರೆ ಅದು ಅಲ್ಲೇ ಸೀಳಿಹೋಗುತ್ತಿತ್ತು. ಹೈದರ್ ಮತ್ತು ಟಿಪ್ಪು ಕಾಲದ ಕಮ್ಮಾರರು ಮೆದು ಕಬ್ಬಿಣದ ಕೊಳವೆ ಮಾಡಿದರು. ಉದ್ದ ಒಂದು ಗೇಣಿನಷ್ಟು, ದಪ್ಪ ಎರಡು ಬೆರಳಿಗಿಂತ ಸ್ವಲ್ಪ ಹೆಚ್ಚು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಮದ್ದನ್ನು ಗಟ್ಟಿಯಾಗಿ ತುರುಕಬಹುದು. ಹಿಂದಿನ ತೂತಿನಿಂದ ಅನಿಲ ಜೋರಾಗಿ ನುಗ್ಗಿದಷ್ಟೂ ಕೊಳವೆ ಮುಂದಕ್ಕೆ ದೂರ ಹಾರುತ್ತದೆ. ಹೀಗೆ ಅದು ಒಂದು ಕಿಲೋಮೀಟರ್ ಮೀರಿಯೂ ಹೋಗುತ್ತಿತ್ತು. ಕೊಳವೆಗೆ ಒಂದು ಮೀಟರ್ ಉದ್ದದ ಬಿದಿರಿನ ಕೋಲನ್ನೋ, ಕೆಲವೊಮ್ಮೆ ಕತ್ತಿಯ ಅಲಗನ್ನೋ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ ಅದು ರಾಕೆಟ್ ಪಲ್ಟಿ ಹೊಡೆಯದಂತೆ ತಡೆಯುತ್ತಿತ್ತು.

ಈ ಆಯುಧದ ಗುಣ ಎದ್ದು ಕಂಡದ್ದು 1780ರ ಸೆಪ್ಟೆಂಬರ್ 10ರಂದು, ಕಂಚಿ ಸಮೀಪದ ಪೊಲ್ಲಿಲೂರಿನಲ್ಲಿ. ಕರ್ನಲ್ ಬೈಲಿಯ ಬ್ರಿಟಿಷ್ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಬ್ರಿಟಿಷರ ಮದ್ದಿನ ಬಂಡಿಗಳು ಸ್ಫೋಟಿಸಿ ಪಡೆ ಚೆಲ್ಲಾಪಿಲ್ಲಿಯಾಯಿತು. ಬೆಂಕಿ ತಗುಲಿದ್ದು ರಾಕೆಟ್‌ನಿಂದಲೋ ಫಿರಂಗಿಯಿಂದಲೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಆ ಸ್ಫೋಟವನ್ನು ಇಂದಿಗೂ ನೋಡಬಹುದು.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಗದ್ದುಗೆ ಏರಿದ ಟಿಪ್ಪು ರಾಕೆಟ್ ಪಡೆಯನ್ನು ಇನ್ನಷ್ಟು ಬೆಳೆಸಿದ. ಹೈದರನ ಕಾಲದಲ್ಲಿ ಸುಮಾರು 1,200 ಇದ್ದ ಬಾಣದವರು ಅವನ ಕಾಲಕ್ಕೆ 5,000ದಷ್ಟಾದರು ಎಂಬುದು ಪ್ರಚಲಿತ ಲೆಕ್ಕ. ಅವರಿಗೆ ತರಬೇತಿ ಇತ್ತು. ಗುರಿ ಎಷ್ಟು ದೂರ, ಕೊಳವೆ ಎಷ್ಟು ದಪ್ಪ ಎಂದು ನೋಡಿ ಯಾವ ಕೋನದಲ್ಲಿ ಹಚ್ಚಬೇಕೆಂದು ಲೆಕ್ಕ ಹಾಕುತ್ತಿದ್ದರು. ಅವರ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಬತ್ತಿ ಹಚ್ಚಿದ ಮೇಲೆ ಗಾಳಿ ಎತ್ತ ಒಯ್ದರೆ ಅತ್ತ.

ಕ್ಷಿಪಣಿಗೂ ರಾಕೆಟ್‌ಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹಾರುತ್ತಿರುವಾಗಲೇ ದಾರಿ ತಿದ್ದಿಕೊಳ್ಳಬಲ್ಲದ್ದನ್ನು ಈಗ ಕ್ಷಿಪಣಿ ಎನ್ನುತ್ತೇವೆ. ಉದಾಹರಣೆಗೆ ಲೇಸರ್ ಕ್ಷಿಪಣಿ ತೆಗೆದುಕೊಳ್ಳಿ. ನೆಲದಿಂದಲೋ ವಿಮಾನ, ಡ್ರೋನ್‌ನಿಂದಲೋ ಗುರಿಯ ಮೇಲೆ ಲೇಸರ್ ಬೆಳಕು ಬಿಡುತ್ತಾರೆ. ಆ ಬೆಳಕು ಗುರಿಗೆ ಬಡಿದು ಚದುರುತ್ತದೆ. ಕ್ಷಿಪಣಿಯಲ್ಲಿರುವ ಸೆನ್ಸರ್ ಅದನ್ನು ಹಿಡಿದು, ಸಣ್ಣ ರೆಕ್ಕೆಗಳನ್ನು ತಿರುಗಿಸುತ್ತಾ ಅದರತ್ತಲೇ ಸಾಗುತ್ತದೆ. ಮೊದಲ ಲೇಸರ್ ಬೆಳಗಿದ್ದೇ 1960ರಲ್ಲಿ. ಇದೇ ತಂತ್ರದ ಅಗ್ಗದ ರೂಪವೂ ಇದೆ. ಅಮೆರಿಕದವರು ತಮ್ಮ ಹಳೆಯ 70 ಮಿಲಿಮೀಟರ್ ರಾಕೆಟ್‌ಗಳಿಗೆ ನಡುವೆ ಒಂದು ಲೇಸರ್ ಭಾಗ ಜೋಡಿಸಿ ಬಳಸುತ್ತಿದ್ದಾರೆ. ಟ್ಯಾಂಕ್ ಸೀಳುವ ಶಕ್ತಿ ಅದಕ್ಕಿಲ್ಲ. ತೆಳು ತಗಡಿನ ವಾಹನ, ದೋಣಿ, ಡ್ರೋನ್‌ಗಳಂಥವಕ್ಕೆ ಸಾಕು. ಅಂಥ ಗುರಿಗೆ ದುಬಾರಿ ಕ್ಷಿಪಣಿ ಹಾರಿಸುವುದು ದುಡ್ಡು ಸುಟ್ಟಂತೆ.

ಗುರಿಯ ವಿಷಯದಲ್ಲಿ ಟಿಪ್ಪುವಿನ ರಾಕೆಟ್‌ಗೂ ಇದಕ್ಕೂ ನಿಜವಾದ ಹೋಲಿಕೆ ಇದೆ. ಎರಡೂ ಅಗ್ಗ, ಎರಡೂ ಗಟ್ಟಿ ರಕ್ಷಣೆ ಇಲ್ಲದ್ದರ ಮೇಲೆ. ಬಯಲಲ್ಲಿ ಒತ್ತೊತ್ತಾಗಿ ನಿಂತ ಪದಾತಿ, ಬೆದರುವ ಕುದುರೆ, ಮದ್ದಿನ ಬಂಡಿ ಇವೇ ಬಾಣದವರ ಗುರಿ. ಒಂದು ತಪ್ಪಿದರೆ ಇನ್ನೊಂದು ತಾಗಲಿ ಎಂದು ಗುಂಪಾಗಿ ಹಾರಿಸುತ್ತಿದ್ದರು. ಕೋಟೆ ಗೋಡೆಯ ಮುಂದೆ ಇದರ ಆಟ ನಡೆಯುತ್ತಿರಲಿಲ್ಲ.

ಕೋಟೆಯ ಬೆಲೆ ಟಿಪ್ಪುವಿಗೂ ಗೊತ್ತಿತ್ತು. 1786ರಲ್ಲಿ ಕೊಪ್ಪಳದ ಕೋಟೆಯನ್ನು ಪಾಳೆಗಾರನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರ್‌ಗಳ ನೆರವಿನಿಂದ ಬಲಪಡಿಸಿದ. ಅದು ಮರಾಠರೊಂದಿಗಿನ ಯುದ್ಧದ ಕಾಲ. ಮರುವರ್ಷ ಕುಷ್ಟಗಿ, ಯಲಬುರ್ಗಾಗಳ ನೆರೆಯ ಗಜೇಂದ್ರಗಡದ ಹೆಸರಿನ ಒಪ್ಪಂದದೊಂದಿಗೆ ಆ ಯುದ್ಧ ಮುಗಿಯಿತು. ಆದರೆ 1790ರಲ್ಲಿ ಬ್ರಿಟಿಷರು, ನಿಜಾಮ, ಮರಾಠರು ಮೂವರೂ ಒಂದಾದರು. ನಿಜಾಮನ ಸೈನ್ಯ ಬ್ರಿಟಿಷ್ ಪಡೆಯೊಂದಿಗೆ ಬಂದು ಕೊಪ್ಪಳಕ್ಕೆ ಮುತ್ತಿಗೆ ಹಾಕಿತು. ಕೋಟೆ ಸುಮಾರು ಆರು ತಿಂಗಳು ಜಗ್ಗಲಿಲ್ಲ. ಅಲ್ಲಿದ್ದ ಜಾನ್ ಮಾಲ್ಕಂ, ಭಾರತದಲ್ಲಿ ಇಷ್ಟು ಬಲವಾದ ಕೋಟೆಯನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದಾನೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಬಿತ್ತು, ಏಪ್ರಿಲ್‌ನಲ್ಲಿ ಕೊಪ್ಪಳವೂ ಕೈತಪ್ಪಿತು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಕೊಪ್ಪಳ ನಿಜಾಮನಿಗೆ ಹೋಯಿತು. ಈ ಸೀಮೆ 1948ರವರೆಗೂ ಹೈದರಾಬಾದ್ ಸಂಸ್ಥಾನದಲ್ಲೇ ಉಳಿಯಿತು. ಇಲ್ಲಿನ ಹಳೆಯ ಜಮೀನು ಕಾಗದಗಳಲ್ಲಿ ಉರ್ದು ಕಾಣುವುದು ಅದಕ್ಕೇ.

1799ರ ಏಪ್ರಿಲ್ 5ರ ರಾತ್ರಿ ರಾಕೆಟ್‌ಗಳು ಕೊನೆಯ ಬಾರಿ ದೊಡ್ಡ ಸುದ್ದಿ ಮಾಡಿದವು. ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಕತ್ತಲಲ್ಲಿ ಬಂದೂಕು ಮತ್ತು ರಾಕೆಟ್‌ಗಳ ಹೊಡೆತಕ್ಕೆ ಸಿಕ್ಕಿ ಹಿಂದೆ ಸರಿಯಬೇಕಾಯಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಆದರೆ ಮರುದಿನವೇ ಬ್ರಿಟಿಷರು ಆ ತೋಪನ್ನು ಹಿಡಿದರು. ಮೇ 2ರಂದು ಅವರ ಗುಂಡೊಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೇ ಬಿದ್ದು ಭಾರೀ ಸ್ಫೋಟವಾಯಿತು. ಫಿರಂಗಿಗಳು ಗೋಡೆಯಲ್ಲಿ ಬಿರುಕು ತೆರೆದವು. ಮೇ 4ರ ಮಧ್ಯಾಹ್ನ ಸೈನ್ಯ ಒಳನುಗ್ಗಿತು, ಟಿಪ್ಪು ಹೋರಾಡುತ್ತಾ ಸತ್ತ.

ಗೆದ್ದವರಿಗೆ ಅಲ್ಲಿ ಸಿಕ್ಕಿದ್ದು ಬಳಸಲು ಸಿದ್ಧವಿದ್ದ 700 ರಾಕೆಟ್, 9,000 ಖಾಲಿ ಕೊಳವೆ ಎಂದು ಲೆಕ್ಕವಿದೆ. ಕೆಲವನ್ನು ಇಂಗ್ಲೆಂಡಿನ ವೂಲ್‌ವಿಚ್‌ಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ ರೂಪಿಸಿದ. ಅವು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಹಾರಿದವು ಆ ದೇಶದ ರಾಷ್ಟ್ರಗೀತೆಯೊಳಗೇ ಸೇರಿಕೊಂಡವು. ಅವೂ ಗುರಿ ತಪ್ಪುತ್ತಿದ್ದವು ಎನ್ನುವುದನ್ನು ಮರೆಯಬಾರದು.

ಫಾರ್ವರ್ಡ್‌ಗಳಲ್ಲಿ ಬರುವ ನಾಸಾ ಚಿತ್ರದ ಮಾತು ಮಾತ್ರ ನಿಜ. 1960ರ ದಶಕದಲ್ಲಿ ನಾಸಾದ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದ ಅಬ್ದುಲ್ ಕಲಾಂ, ಟಿಪ್ಪುವಿನ ಸೈನ್ಯ ಬ್ರಿಟಿಷರ ಮೇಲೆ ರಾಕೆಟ್ ಹಾರಿಸುವ ಚಿತ್ರವನ್ನು ಅಲ್ಲಿ ಕಂಡಿದ್ದರು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ ರಾಕೆಟ್‌ಗಳ ಬಗ್ಗೆ ಪ್ರಬಂಧವನ್ನೇ ಬರೆದರು.

ರಾಕೆಟ್ ಕಥೆಯೇ ಸುಳ್ಳು ಎನ್ನುವವರಿಗೆ ಉತ್ತರ ಒಂದು ಬಾವಿಯಿಂದ ಬಂತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಹಳೆಯ ಬಿದನೂರಿನ ಬತ್ತಿದ ಬಾವಿಯ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅವನ್ನು ಇಟ್ಟಿದ್ದಾರೆ.