ಅಂಬಿಗರ ಚೌಡಯ್ಯನ ಕೋಪ

ಕಾಮಕ್ರೋಧಾದಿಗಳು ಮಾನವನ ಸ್ವಭಾವದೊಡನೆಯೇ ಹುಟ್ಟಿಬಂದವು. ಅವುಗಳನ್ನು ಗೆಲ್ಲುವುದೇ ಸಾಧನೆಯೆಂದು ಶರಣರು ಸಾರಿದರು. ಆದರೆ ಆ ಶರಣರಲ್ಲಿಯೇ ಒಬ್ಬನ ವಚನಗಳು ಕೆಂಡದಂತೆ ಸುಡುತ್ತವೆ. ಆತನೇ ನಿಜಶರಣನಾದ ಅಂಬಿಗರ ಚೌಡಯ್ಯನು. ಕ್ರೋಧವನ್ನು ತೊರೆಯಬೇಕೆಂಬ ಪಥದಲ್ಲಿ ಇಷ್ಟೊಂದು ಕಟುನುಡಿಗೆ ಸ್ಥಾನವೆಲ್ಲಿಯದು?

12ನೆಯ ಶತಮಾನದಲ್ಲಿ ಬಾಳಿದ ಚೌಡಯ್ಯನು ಬಸವಣ್ಣನವರ ಸಮಕಾಲೀನನು; ಕಾಯಕದಿಂದ ಅಂಬಿಗನು. ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲಿರುವ ಚೌಡಯ್ಯದಾನಪುರವು ಆತನ ಹೆಸರನ್ನೇ ಹೊತ್ತು ನಿಂತಿದೆ. ಆತನಿಗೆ ದಾನವಾಗಿ ಬಂದ ಊರಾದುದರಿಂದ ಆ ಹೆಸರಾಯಿತೆಂಬುದು ಪರಂಪರೆಯ ನಂಬುಗೆ. ಮುಕ್ತೇಶ್ವರ ದೇವಾಲಯವಿರುವ ಆ ಕ್ಷೇತ್ರದಲ್ಲಿಯೇ ಆತನು ಐಕ್ಯನಾದನೆಂದು ಭಕ್ತರು ಭಾವಿಸುತ್ತಾರೆ. ಹೊಳೆ ದಾಟಿಸುವ ಕಾಯಕದಲ್ಲಿಯೇ ಭವಸಾಗರವನ್ನು ದಾಟಿಸುವ ಮರ್ಮವನ್ನು ಆತನು ಕಂಡನು. ಬಹುಮಂದಿ ವಚನಕಾರರು ಇಷ್ಟದೈವದ ನಾಮವನ್ನು ಅಂಕಿತವಾಗಿಟ್ಟುಕೊಂಡರೆ, ಚೌಡಯ್ಯನು ಕುಲಗರ್ವಿಗಳು ಕೀಳೆಂದೆಣಿಸಿದ ತನ್ನ ಕಾಯಕದ ಹೆಸರನ್ನೇ ಅಂಕಿತವಾಗಿಸಿದನು. ಆತನ 270ಕ್ಕೂ ಮಿಕ್ಕ ವಚನಗಳು ದೊರೆತಿವೆ.

ಆ ವಚನಗಳ ಕೋಪವು ಯಾರ ಮೇಲೆ? ಲಿಂಗವನ್ನು ಕಟ್ಟಿಕೊಂಡೂ ಅನ್ಯದೈವಗಳಿಗೆ ಎರಗುವವರ ಮೇಲೆ. ಕುಲದ ಹಿರಿಮೆಯಿಂದ ಬೀಗುವವರ ಮೇಲೆ. ವೇಷವನ್ನು ಧರಿಸಿ ಆಸೆಯನ್ನು ಬಿಡದ ಗುರುಜಂಗಮರ ಮೇಲೆ ಕೂಡ. ಪಾದುಕೆಯಿಂದ ಹೊಡೆಯಬೇಕೆನ್ನುವವರೆಗೂ ಆತನ ನುಡಿ ಮುಂದುವರಿಯುತ್ತದೆ. ತನ್ನವರೆಂದು ಆತನು ಯಾರನ್ನೂ ಬಿಡಲಿಲ್ಲ.

ಕ್ರೋಧದ ಮೂಲವನ್ನು ಕುರಿತು ಪ್ರಾಚೀನ ಚೀನದ ತಾವೋ ಪಂಥದಲ್ಲಿಯೂ ದೋಣಿಯದೇ ದೃಷ್ಟಾಂತವಿರುವುದು ಸೋಜಿಗ. ಕ್ರಿಸ್ತಪೂರ್ವ 4ನೆಯ ಶತಮಾನದ ಚ್ವಾಂಗ್‌ತ್ಸು ಎಂಬ ಜ್ಞಾನಿಯ ಹೆಸರಿನ ಗ್ರಂಥದಲ್ಲಿ ಅದು ಬರುತ್ತದೆ. ನದಿ ದಾಟುವವನ ದೋಣಿಗೆ ಬರಿದಾದ ದೋಣಿಯೊಂದು ತಾಗಿದರೆ, ಎಂಥ ಮುಂಗೋಪಿಯೂ ಸಿಟ್ಟಾಗನು. ಅದರಲ್ಲಿ ಮನುಷ್ಯನೊಬ್ಬನು ಕಂಡನೆಂದರೆ ಬೈಗುಳ ಮೊದಲಾಗುವುದು. ಆದುದರಿಂದ ತನ್ನನ್ನೇ ಬರಿದಾಗಿಸಿಕೊಂಡು ಲೋಕದಲ್ಲಿ ಸಂಚರಿಸುವವನಿಗೆ ಕೇಡಿಲ್ಲವೆಂಬುದು ಅಲ್ಲಿಯ ತಾತ್ಪರ್ಯ. ರಾಗದ್ವೇಷಗಳು ಒಳಹೊಕ್ಕು ತನ್ನನ್ನು ಕೆಡಿಸದಂತಿರುವುದೇ ಆ ಪಂಥದ ನಿರ್ಲಿಪ್ತತೆ.

ನಾನೆಂಬುದನ್ನು ಬರಿದುಮಾಡಬೇಕೆಂಬಲ್ಲಿ ಶರಣಪಥವೂ ಇದನ್ನೊಪ್ಪುತ್ತದೆ. ಆದರೆ ಚೌಡಯ್ಯನ ದೋಣಿ ಹೊಳೆಯ ಪಾಲಾಗಿ ತೇಲುವ ದೋಣಿಯಲ್ಲ. ಜನರನ್ನು ಹೊತ್ತು ಹುಟ್ಟಿನ ಬಲದಿಂದ ಸಾಗುವ ದೋಣಿ. ನಡುಹೊಳೆಯಲ್ಲಿ ಅವಿವೇಕಿಯೊಬ್ಬನು ಎದ್ದುನಿಂತರೆ ಅಂಬಿಗನು ಗದರಲೇಬೇಕು. ಆ ಗದರಿಕೆಯಲ್ಲಿ ಹಗೆಯಿಲ್ಲ. ದಡ ಸೇರಿದ ಬಳಿಕ ಅದರ ನೆನಪೂ ಉಳಿಯದು. ಸುಮ್ಮನಿದ್ದರೆ ಮುಳುಗುವವನು ಅವನೊಬ್ಬನೇ ಅಲ್ಲ, ಎಲ್ಲರೂ. ಚೌಡಯ್ಯನ ಕೋಪವು ಇಂಥದು. ಅದರಲ್ಲಿ ಸ್ವಾರ್ಥದ ಲೇಶವೂ ಇರಲಿಲ್ಲ.

ಮನೆಯಲ್ಲಿ, ಸಂತೆಯಲ್ಲಿ, ನೆರೆಹೊರೆಯಲ್ಲಿ ದಿನವೂ ಸಿಟ್ಟಾಗುವ ಸದ್ಭಕ್ತರು ಆತನ ಕಟುನುಡಿಯನ್ನು ತಮ್ಮ ಕೋಪಕ್ಕೆ ಆಧಾರವಾಗಿ ಹಿಡಿಯಬಾರದು. ಗದರುವ ಮುನ್ನ ಈ ನುಡಿ ಎದುರಿನವನನ್ನು ದಡ ಸೇರಿಸುವುದಕ್ಕೋ, ತನ್ನ ಹಮ್ಮನ್ನು ಕಾಯುವುದಕ್ಕೋ ಎಂದು ಕೇಳಿಕೊಳ್ಳಬೇಕು. ಈ ಪರೀಕ್ಷೆಯಲ್ಲಿ ನಿಂತ ಕೋಪವು ಕರುಣೆಯ ಇನ್ನೊಂದು ಮುಖ. ನಿಲ್ಲದುದು ಬರಿಯ ಕ್ರೋಧ.