ಬಣ್ಣಗಳನ್ನು ಬಿಡಿಸಿ ತೋರಿಸಿದ ಮಿಖಾಯಿಲ್ ತ್ಸ್ವೆತ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಅವರನ್ನು. ರಸಾಯನಶಾಸ್ತ್ರ ಓದಿದವರಿಗೆ ಈ ಹೆಸರು ಪರಿಚಿತ. ಉಳಿದವರಿಗೆ ನ್ಯೂಟನ್, ಐನ್‌ಸ್ಟೀನ್, ರಾಮನ್ ಅವರಷ್ಟು ಪರಿಚಯವಿಲ್ಲದಿರಬಹುದು. ಆದರೆ ನಾವು ಕುಡಿಯುವ ಹಾಲು, ತಿನ್ನುವ ತರಕಾರಿ, ನುಂಗುವ ಮಾತ್ರೆ ಇವುಗಳಲ್ಲಿ ಏನೇನಿದೆ ಎಂದು ಇವತ್ತು ಯಾವ ಪ್ರಯೋಗಾಲಯ ಪರೀಕ್ಷೆ ಮಾಡಿದರೂ ಆ ಕೆಲಸದ ಹಿಂದೆ ಸಾಮಾನ್ಯವಾಗಿ ಅವರು ತೋರಿಸಿಕೊಟ್ಟ ದಾರಿಯೇ ಇರುತ್ತದೆ.

ನಾನು ಓದಿದ್ದು ಕಂಪ್ಯೂಟರ್ ಎಂಜಿನಿಯರಿಂಗ್. ಪ್ರಯೋಗಾಲಯದ ಯಂತ್ರಗಳಿಂದ ಬರುವ ಅಂಕಿಗಳನ್ನು ಸಂಗ್ರಹಿಸುವ ತಂತ್ರಾಂಶದ ಮೇಲೆ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆ ಯಂತ್ರದ ಹೆಸರು ಕ್ರೊಮ್ಯಾಟೋಗ್ರಾಫ್. ಪರದೆಯ ಮೇಲೆ ಸಾಲಾಗಿ ಶಿಖರಗಳು ಏಳುತ್ತವೆ. ಒಂದೊಂದು ಶಿಖರವೂ ಒಂದೊಂದು ವಸ್ತು. ಕಲಬೆರಕೆಯಾಗಿದ್ದುದು ಹೀಗೆ ಬಿಡಿಬಿಡಿಯಾಗಿ ಬರುವುದನ್ನು ಮೊದಲು ಕಂಡವರು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕಿದ ಜೀವನಕಥೆ ಇದು. ಇದರಲ್ಲಿ ಗೆಲುವು ಬಹಳ ತಡವಾಗಿ ಬರುತ್ತದೆ. ಅದನ್ನು ನೋಡಲು ಆ ಮನುಷ್ಯ ಬದುಕಿರಲಿಲ್ಲ.

ತ್ಸ್ವೆತ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ, ತಾಯಿ ಇಟಲಿಯವರು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡರು. ತಂದೆ ಕೆಲಸದ ಮೇಲೆ ರಷ್ಯಾಕ್ಕೆ ಮರಳಬೇಕಾಯಿತು. ಮಗು ಸ್ವಿಟ್ಜರ್ಲೆಂಡಿನಲ್ಲಿ ದಾದಿಯ ಕೈಯಲ್ಲಿ ಬೆಳೆಯಿತು. ಹೀಗೆ ರಷ್ಯಾದ ಹೆಸರು, ಇಟಲಿಯ ಜನ್ಮ, ಫ್ರೆಂಚ್ ಮಾತನಾಡುವ ಊರಿನ ಶಾಲೆ. ಯಾವ ಊರನ್ನೂ ಪೂರ್ತಿ ತನ್ನದೆಂದು ಹೇಳಿಕೊಳ್ಳಲಾಗದ ಬಾಲ್ಯ ಅದು. ಜಿನೀವಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ 1896ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ತಂದೆಯ ನಾಡು ರಷ್ಯಾಕ್ಕೆ ಹೋದರು.

ಅಲ್ಲಿ ಮೊದಲ ಪೆಟ್ಟು ಕಾದಿತ್ತು. ವಿದೇಶದ ಡಾಕ್ಟರೇಟನ್ನು ಆಗಿನ ರಷ್ಯಾ ಮಾನ್ಯ ಮಾಡುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಬೇಕೆಂದರೆ ರಷ್ಯಾದ ಪದವಿಗಳನ್ನೇ ಮತ್ತೆ ಮೊದಲಿನಿಂದ ಗಳಿಸಬೇಕಿತ್ತು. ಡಾಕ್ಟರ್ ಆಗಿದ್ದವರು ಮತ್ತೆ ವಿದ್ಯಾರ್ಥಿಯಾದರು. 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಮ್ಯಾಜಿಸ್ಟರ್ ಪದವಿ ಪಡೆದರು. ಆಮೇಲೆ ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಸಹಾಯಕರ ಕೆಲಸ ಸಿಕ್ಕಿತು. ಅವರ ಬಹುಮುಖ್ಯವಾದ ಕೆಲಸ ನಡೆದದ್ದು ಈ ವಾರ್ಸಾದಲ್ಲಿ.

ಅವರು ಕೈಗೆತ್ತಿಕೊಂಡಿದ್ದ ಪ್ರಶ್ನೆ ಕೇಳಲು ಬಹಳ ಸರಳ. ಎಲೆಯ ಹಸಿರು ಒಂದೇ ಬಣ್ಣವೇ, ಅಥವಾ ಹಲವು ಬಣ್ಣಗಳ ಮಿಶ್ರಣವೇ? ಬಸಳೆಯನ್ನೋ ಹರಿವೆಯನ್ನೋ ಅರೆದು ಸ್ಪಿರಿಟ್ಟಿನಲ್ಲಿ ನೆನೆಸಿದರೆ ಹಸಿರು ರಸ ಇಳಿಯುತ್ತದೆ. ಅದರಲ್ಲಿ ಹಸಿರಿನ ಜೊತೆ ಹಳದಿಯೂ ಅಡಗಿದೆ ಎಂದು ವಿಜ್ಞಾನಿಗಳಿಗೆ ಗೊತ್ತಿತ್ತು. ಆದರೆ ಒಂದನ್ನು ಇನ್ನೊಂದರಿಂದ ಕೆಡದಂತೆ ಬೇರ್ಪಡಿಸುವುದು ಹೇಗೆಂಬುದೇ ತೊಡಕಾಗಿತ್ತು. ಕ್ಷಾರ, ಆಮ್ಲ ಹಾಕಿದರೆ ಬೇರೆಯಾಗುವುದಕ್ಕಿಂತ ಮೊದಲು ಆ ಸೂಕ್ಷ್ಮ ವಸ್ತುಗಳೇ ಬದಲಾಗಿ ಹೋಗುತ್ತಿದ್ದವು. ಸಿಕ್ಕಿದ್ದು ಎಲೆಯಲ್ಲಿ ಇದ್ದದ್ದೋ, ನಾವೇ ಮಾಡಿಕೊಂಡದ್ದೋ ಎಂದು ತಿಳಿಯುತ್ತಿರಲಿಲ್ಲ.

ತ್ಸ್ವೆತ್ ಒಂದು ಸಣ್ಣ ಗಾಜಿನ ಕೊಳವೆ ತೆಗೆದುಕೊಂಡರು. ಅದರೊಳಗೆ ಸುಣ್ಣದಕಲ್ಲಿನ ನುಣ್ಣನೆಯ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಒತ್ತಿ ಒತ್ತಿ ತುಂಬಿದರು. ಮೇಲಿನಿಂದ ಎಲೆಯ ರಸವನ್ನು ಹಾಕಿದರು. ಆಮೇಲೆ ಶುದ್ಧ ದ್ರಾವಕವನ್ನು ಮೆಲ್ಲಗೆ ಹರಿಯಬಿಟ್ಟರು. ರಸ ಕೆಳಗಿಳಿಯುತ್ತಿದ್ದಂತೆ ಬಿಳಿಯ ಪುಡಿಯಲ್ಲಿ ಬಣ್ಣದ ಪಟ್ಟಿಗಳು ಮೂಡಿದವು. ಕ್ಯಾರೊಟೀನ್ ಎಂಬ ಕಿತ್ತಳೆ ಹಳದಿ ಎಲ್ಲಕ್ಕಿಂತ ಮೊದಲು ಕೆಳಗೆ ಓಡಿತು. ಝ್ಯಾಂಥೊಫಿಲ್ ಎಂಬ ಹಳದಿಗಳು ಒಂದಲ್ಲ, ಹಲವು ಎಂದು ಕಂಡಿತು. ಹಸಿರು ಕೂಡ ಎರಡಾಗಿ ಒಡೆಯಿತು. ಒಂದು ನೀಲಿ ಕಲೆತ ಹಸಿರು, ಇನ್ನೊಂದು ಹಳದಿ ಕಲೆತ ಹಸಿರು. ನಾವು ಇಂದು ಕ್ಲೋರೊಫಿಲ್ ಎ ಮತ್ತು ಕ್ಲೋರೊಫಿಲ್ ಬಿ ಎಂದು ಪಾಠದಲ್ಲಿ ಓದುವುದು ಇವನ್ನೇ. ಕೊನೆಗೆ ಪುಡಿಯ ಕಂಬವನ್ನು ಕೊಳವೆಯಿಂದ ಹೊರಗೆ ನೂಕಿ, ಚಾಕುವಿನಿಂದ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದೊಂದು ತುಂಡಿನಿಂದ ಒಂದೊಂದು ಬಣ್ಣವನ್ನು ತೊಳೆದು ತೆಗೆಯುತ್ತಿದ್ದರು.

ಇದು ಹೇಗೆ ಆಗುತ್ತದೆ? ರಥಬೀದಿಯಲ್ಲಿ ಜಾತ್ರೆಯ ದಿನ ಹತ್ತು ಮಂದಿ ಒಟ್ಟಿಗೆ ಹೊರಟರು ಎಂದುಕೊಳ್ಳಿ. ಬಳೆ ಅಂಗಡಿ, ಮಿಠಾಯಿ ಅಂಗಡಿ ಎಂದು ಪ್ರತಿಯೊಂದರ ಮುಂದೆಯೂ ನಿಲ್ಲುವವರು ಹಿಂದೆ ಬೀಳುತ್ತಾರೆ. ಎತ್ತಲೂ ನೋಡದೆ ನಡೆಯುವವರು ಮೊದಲು ದೇವಸ್ಥಾನ ಸೇರುತ್ತಾರೆ. ಬೀದಿ ಸಾಕಷ್ಟು ಉದ್ದವಿದ್ದರೆ ಒಟ್ಟಿಗೆ ಹೊರಟವರು ಬೇರೆ ಬೇರೆಯಾಗಿಯೇ ತಲುಪುತ್ತಾರೆ. ಯಾರೂ ಯಾರನ್ನೂ ಎಳೆದು ಬೇರ್ಪಡಿಸಿಲ್ಲ. ಪುಡಿಗೆ ಹೆಚ್ಚು ಅಂಟಿಕೊಳ್ಳುವ ವಸ್ತು ನಿಧಾನ, ಅಂಟದೆ ದ್ರಾವಕದೊಂದಿಗೆ ಹರಿಯುವ ವಸ್ತು ವೇಗ. ಅಷ್ಟೇ ಗುಟ್ಟು. ಈ ಗುಟ್ಟು ಗಟ್ಟಿಯಾಗಲು ಅವರು ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿ ನೋಡಿದ್ದರು.

1903ರ ಮಾರ್ಚ್ 21ರಂದು ವಾರ್ಸಾದ ನಿಸರ್ಗ ವಿಜ್ಞಾನಿಗಳ ಸಂಘದಲ್ಲಿ ಅವರು ಈ ಬಗೆಯ ಬೇರ್ಪಡಿಕೆಯ ಬಗ್ಗೆ ಉಪನ್ಯಾಸ ಕೊಟ್ಟರು. 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಪತ್ರಿಕೆಯಲ್ಲಿ ಎರಡು ಲೇಖನ ಬರೆದು ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಬಣ್ಣದ ಬರಹ ಎಂದರ್ಥ. ಸ್ವಾರಸ್ಯವೆಂದರೆ ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೂ ಬಣ್ಣವೇ. ಬಣ್ಣವಿಲ್ಲದ ವಸ್ತುಗಳನ್ನೂ ಇದೇ ರೀತಿ ಬೇರ್ಪಡಿಸಬಹುದು ಎಂದು ಅವರು ಆಗಲೇ ಬರೆದಿದ್ದರು. ಮುಂದಿನ ನೂರು ವರ್ಷದ ಕೆಲಸವೆಲ್ಲ ಆ ಒಂದು ಮಾತಿನಲ್ಲಿತ್ತು.

ಆದರೆ ಕೇಳಬೇಕಾದವರು ಕೇಳಲಿಲ್ಲ. ಪೋಲೆಂಡಿನ ರಸಾಯನಶಾಸ್ತ್ರಜ್ಞ ಮಾರ್ಖ್ಲೆವ್‌ಸ್ಕಿ ಅವರು ಪತ್ರಿಕೆಗಳಲ್ಲಿ ಕಟುವಾಗಿ ವಿರೋಧಿಸಿದರು. ರಸವನ್ನು ಪುಡಿಯಲ್ಲಿ ಸೋಸಿ ನೋಡಿ ರಸಾಯನಶಾಸ್ತ್ರದ ದೊಡ್ಡ ಪ್ರಶ್ನೆ ತೀರ್ಮಾನಿಸಲಾಗದು ಎಂಬುದು ಅವರ ನಿಲುವು. ಇನ್ನೊಬ್ಬರು ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್. ಎಲೆಯ ಹಸಿರಿನ ಮೇಲೆ ಆಗ ಜಗತ್ತಿನಲ್ಲೇ ದೊಡ್ಡ ಹೆಸರು. ಅವರಿಗೂ ಈ ಕೊಳವೆಯ ವಿಧಾನದಲ್ಲಿ ನಂಬಿಕೆ ಬರಲಿಲ್ಲ. ಅವರ ಆಕ್ಷೇಪವನ್ನು ಬರೀ ಅಸೂಯೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪುಡಿಯಲ್ಲಿ ಹಾಯುವಾಗ ಬಣ್ಣವೇ ಕೆಟ್ಟು ಬೇರೆಯಾಗಿರಬಾರದೇಕೆ ಎಂಬುದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಅಲ್ಲದೆ ಆಗಿನ ರಸಾಯನಶಾಸ್ತ್ರಜ್ಞರಿಗೆ ತೂಗಿ ನೋಡಲು, ಹರಳು ಮಾಡಲು ಗ್ರಾಂಗಟ್ಟಲೆ ವಸ್ತು ಬೇಕಿತ್ತು. ತ್ಸ್ವೆತ್ ಅವರ ಪುಟ್ಟ ಕೊಳವೆ ಕೊಡುತ್ತಿದ್ದದ್ದು ಕಣ್ಣಿಗೆ ಕಾಣುವಷ್ಟು ಬಣ್ಣ ಮಾತ್ರ. ಅಲ್ಲದೆ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಲ್ಲ, ಸಸ್ಯಶಾಸ್ತ್ರದವರು. ದೊಡ್ಡ ಪ್ರಯೋಗಾಲಯವಿಲ್ಲ, ಶಿಷ್ಯರ ಪಡೆಯಿಲ್ಲ.

ತ್ಸ್ವೆತ್ ಸುಮ್ಮನಾಗಲಿಲ್ಲ. 1907ರಲ್ಲಿ ಬರ್ಲಿನ್ನಿಗೆ ಹೋಗಿ ಜರ್ಮನ್ ಸಸ್ಯವಿಜ್ಞಾನ ಸಂಘದ ಸಭೆಯಲ್ಲಿ ಬಣ್ಣದ ಪಟ್ಟಿಗಳನ್ನು ಎಲ್ಲರ ಮುಂದೆ ತೋರಿಸಿದರು. ಹಲವರು ಶುದ್ಧ ಕ್ಲೋರೊಫಿಲ್ಲಿನ ಹರಳು ಎಂದು ನಂಬಿದ್ದ ವಸ್ತು ಎಲೆಯಲ್ಲಿ ಇರುವಂಥದ್ದಲ್ಲ, ಸ್ಪಿರಿಟ್ಟಿನಲ್ಲಿ ತೆಗೆಯುವಾಗ ಆದ ಬದಲಾವಣೆ ಎಂದು ವಾದಿಸಿದರು. ಮುಂದೆ ಆ ಮಾತು ನಿಜವೆಂದು ತಿಳಿಯಿತು. ಅದೇ 1907ರಲ್ಲಿ ಅವರ ಮದುವೆಯಾಯಿತು. ಪಶುವೈದ್ಯ ಸಂಸ್ಥೆಯಲ್ಲಿ, ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿದರು. 1910ರಲ್ಲಿ ಸಸ್ಯ ಮತ್ತು ಪ್ರಾಣಿಗಳ ಬಣ್ಣಗಳ ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು, ರಷ್ಯಾದ ಡಾಕ್ಟರೇಟೂ ಅದಕ್ಕೆ ಬಂತು. ಆದರೆ ಗ್ರಂಥ ರಷ್ಯನ್ ಭಾಷೆಯಲ್ಲಿತ್ತು. ಜರ್ಮನ್ ಓದುವ ರಸಾಯನ ಲೋಕಕ್ಕೆ ಅದು ತೆರೆಯದ ಪುಸ್ತಕವಾಗಿ ಉಳಿಯಿತು.

1914ರಲ್ಲಿ ಮಹಾಯುದ್ಧ ಶುರುವಾಯಿತು. 1915ರಲ್ಲಿ ಜರ್ಮನ್ ಸೈನ್ಯ ವಾರ್ಸಾದತ್ತ ಬಂದಾಗ ಪಾಲಿಟೆಕ್ನಿಕ್ಕನ್ನು ಮಾಸ್ಕೋಗೆ, ಅಲ್ಲಿಂದ ನಿಜ್ನಿ ನೊವ್‌ಗೊರೊದ್‌ಗೆ ಸಾಗಿಸಿದರು. ಪ್ರಯೋಗ ಮಾಡಲು ಸ್ಥಳವಿಲ್ಲದ ವರ್ಷಗಳು. ಆ 1915ರಲ್ಲೇ ಕ್ಲೋರೊಫಿಲ್ ಸಂಶೋಧನೆಗಾಗಿ ವಿಲ್‌ಸ್ಟೇಟರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1917ರಲ್ಲಿ ತ್ಸ್ವೆತ್ ಅವರಿಗೆ ಈಗಿನ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯೂ ಸಸ್ಯೋದ್ಯಾನದ ಹೊಣೆಯೂ ಸಿಕ್ಕಿತು. ಜೀವನವಿಡೀ ಕಾದಿದ್ದ ಹುದ್ದೆ. ಮರುವರ್ಷ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಮತ್ತೆ ಗಂಟುಮೂಟೆ ಕಟ್ಟಿ ವಿಶ್ವವಿದ್ಯಾಲಯದೊಂದಿಗೆ ವೊರೊನೆಝ್ ನಗರಕ್ಕೆ ಹೊರಟರು. ಆ ವರ್ಷ ಅವರ ಹೆಸರೂ ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತು, ಆದರೆ ಪ್ರಶಸ್ತಿ ಬರಲಿಲ್ಲ. ಹೃದಯ ಮೊದಲೇ ದುರ್ಬಲವಾಗಿತ್ತು. 1919ರ ಜೂನ್ 26ರಂದು ವೊರೊನೆಝ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 47 ವರ್ಷ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯದಿದ್ದುದಕ್ಕೆ ಕಾರಣ, ಯಾರು ನಂಬಲಿಲ್ಲವೋ ಅವರೇ. ತ್ಸ್ವೆತ್ ಅವರ ರಷ್ಯನ್ ಗ್ರಂಥವನ್ನು ವಿಲ್‌ಸ್ಟೇಟರ್ ತಮ್ಮ ಉಪಯೋಗಕ್ಕಾಗಿ ಜರ್ಮನ್ ಭಾಷೆಗೆ ಅನುವಾದ ಮಾಡಿಸಿಟ್ಟುಕೊಂಡಿದ್ದರು. ಒಪ್ಪದಿದ್ದರೂ ಓದಿದ್ದರು. ಆ ಪ್ರತಿ ಅವರ ಶಿಷ್ಯ ರಿಚರ್ಡ್ ಕೂನ್ ಅವರ ಕೈ ಸೇರಿತು. ಹೈಡೆಲ್‌ಬರ್ಗ್‌ನಲ್ಲಿ ಕೂನ್ ಅವರ ಬಳಿ ಕೆಲಸ ಮಾಡುತ್ತಿದ್ದ ಎಡ್ಗರ್ ಲೆಡರರ್ ಎಂಬ ಯುವಕ ಅದನ್ನು ಓದಿ ಕೊಳವೆಗೆ ಪುಡಿ ತುಂಬಿದರು. ಒಂದೇ ವಸ್ತುವೆಂದು ನಂಬಿದ್ದ ಕ್ಯಾರಟ್ಟಿನ ಕ್ಯಾರೊಟೀನ್ ಎರಡಾಗಿ ಬೇರ್ಪಟ್ಟಿತು. ಅದು 1931. ಅಷ್ಟು ಹೊತ್ತಿಗೆ ತ್ಸ್ವೆತ್ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕೂನ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು.

ಆಮೇಲೆ ವೇಗ ಹೆಚ್ಚಿತು. ಇಂಗ್ಲೆಂಡಿನ ಉಣ್ಣೆ ಸಂಶೋಧನಾಲಯದಲ್ಲಿದ್ದ ಮಾರ್ಟಿನ್ ಮತ್ತು ಸಿಂಜ್ 1941ರಲ್ಲಿ ಇದರ ಹೊಸ ರೂಪವನ್ನು ಕೊಟ್ಟು 1952ರಲ್ಲಿ ನೊಬೆಲ್ ಪಡೆದರು. ಶಾಯಿಯ ಚುಕ್ಕೆ ಇಟ್ಟ ಸೋಸುಕಾಗದದ ತುದಿಯನ್ನು ನೀರಿಗೆ ಅದ್ದಿ ನಾವು ನೋಡುವ ಪ್ರಯೋಗ ಈ ಮನೆತನದ್ದೇ. 1952ರಲ್ಲಿ ದ್ರವದ ಬದಲು ಅನಿಲ ಹರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬಂತು. ಅಣುಗಳ ತೂಕವನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಅದಕ್ಕೆ ಜೋಡಿಯಾಯಿತು. ಕೊಳವೆ ಬೇರ್ಪಡಿಸುತ್ತದೆ, ಸ್ಪೆಕ್ಟ್ರೋಮೀಟರ್ ಬಂದವರು ಯಾರೆಂದು ಗುರುತಿಸುತ್ತದೆ. ನುಣ್ಣನೆಯ ಪುಡಿಯ ಮೂಲಕ ಭಾರಿ ಒತ್ತಡದಲ್ಲಿ ದ್ರವ ನೂಕುವ ಎಚ್‌ಪಿಎಲ್‌ಸಿ ಯಂತ್ರ ಇಂದು ಔಷಧ ಕಂಪನಿಗಳಲ್ಲಿ ಸಾಮಾನ್ಯ. ಒಂದು ಕಿಲೋ ತರಕಾರಿಯಲ್ಲಿ ಒಂದು ಮಿಲಿಗ್ರಾಂನ ಸಣ್ಣ ಪಾಲಿನಷ್ಟು ಕೀಟನಾಶಕ ಇದ್ದರೂ ಈಗ ಸಿಕ್ಕಿಬೀಳುತ್ತದೆ.

ಇದು ನಮಗೆ ದೂರದ ವಿಷಯವಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಎಲ್ಲರೂ ಕೇಳಿದ್ದೇವೆ. ಮಕ್ಕಳ ಕಾಯಿಲೆಗೆ ಕಾರಣವೇನೆಂದು ಜನ ಕೇಳಿದಾಗ, ನೀರಿನಲ್ಲಿ, ರಕ್ತದಲ್ಲಿ ಆ ವಿಷ ಇದೆಯೇ ಎಂಬ ಪ್ರಶ್ನೆ ಎದ್ದಿತು. ಇದೆ ಎಂದ ವರದಿಯೂ ಬಂತು, ಇಲ್ಲ ಎಂದ ವರದಿಯೂ ಬಂತು. 1957ರಲ್ಲಿ ಜೇಮ್ಸ್ ಲವ್‌ಲಾಕ್ ರೂಪಿಸಿದ ಶೋಧಕ ಕ್ಲೋರಿನ್ ಇರುವ ಇಂಥ ಕೀಟನಾಶಕಗಳನ್ನು ಅತಿ ಅಲ್ಪ ಪ್ರಮಾಣದಲ್ಲೂ ಹಿಡಿಯಬಲ್ಲದು. ಆದರೆ ಅದಕ್ಕೂ ಮೊದಲು ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ಕೊಳವೆಯಲ್ಲಿ ರಕ್ತದ ಅಂಶಗಳು ಬೇರೆ ಬೇರೆಯಾಗಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನಿಗೆ ತಡೆ ಹಾಕಿತು. ಬಾಯಿಲ್ಲದವರ ಪರ ಸಾಕ್ಷಿ ಹೇಳುವ ಶಕ್ತಿ ಇಂಥ ಯಂತ್ರಕ್ಕಿದೆ. ಆದರೆ ಮಾದರಿ ತೆಗೆದವರು, ಯಂತ್ರ ನಡೆಸಿದವರು, ಅಂಕಿ ಬರೆದವರು ಪ್ರಾಮಾಣಿಕರಾಗಿದ್ದರೆ ಮಾತ್ರ. ತಂತ್ರಾಂಶದ ಕೆಲಸ ಮಾಡುವ ನನಗೆ ಇದು ದಿನವೂ ನೆನಪಿಡಬೇಕಾದ ಮಾತು.

ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ತ್ಸ್ವೆತ್ ಅವರ ಬಳಿ ಇದ್ದದ್ದು ಗಾಜಿನ ಕೊಳವೆ, ಸುಣ್ಣದಕಲ್ಲಿನ ಪುಡಿ, ಎಲೆಯ ರಸ. ನಮ್ಮ ಪ್ರಯೋಗಾಲಯದಲ್ಲಿಯೂ ಇಷ್ಟು ಸಿಗುತ್ತದೆ. ಇಲ್ಲದಿದ್ದರೆ ಹೊಂದಿಸಿಕೊಡುವುದು ಹಳೆಯ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆ, ನಮ್ಮ ಮಾತು ದೂರ ಹೋಗುವುದೇ ಎಂದು ಅಳುಕುವ ಮಕ್ಕಳು ರಷ್ಯನ್ನಿನಲ್ಲಿ ಬರೆದ ಆ ಗ್ರಂಥವನ್ನು ನೆನೆಯಲಿ. ನಿಜವಾದ ಕೆಲಸ ಯಾವ ಭಾಷೆಯಲ್ಲಿದ್ದರೂ ಯಾರೋ ಒಬ್ಬರು ಹುಡುಕಿಕೊಂಡು ಬಂದು ಓದುತ್ತಾರೆ. ಅದು ತಡವಾದೀತು, ವ್ಯರ್ಥವಾಗದು. ಜೊತೆಗೆ ಇನ್ನೊಂದು ಪಾಠವನ್ನು ದೊಡ್ಡವರಾದ ನಾವೂ ಕಲಿಯಬೇಕಿದೆ. ನಮಗೆ ಒಪ್ಪಿಗೆಯಾಗದವರ ಪುಸ್ತಕವನ್ನೂ ತರಿಸಿ ಓದಿ, ಜೋಪಾನವಾಗಿ ಮುಂದಿನವರ ಕೈಗೆ ಕೊಡಬೇಕು. ವಿಲ್‌ಸ್ಟೇಟರ್ ಅಷ್ಟು ಮಾಡಿದ್ದರಿಂದಲೇ ತ್ಸ್ವೆತ್ ಅವರ ಕೆಲಸ ನಮ್ಮವರೆಗೆ ಬಂತು.